ರುಚಿಗೆ ತಕ್ಕಷ್ಟು ಉಪ್ಪು

ಅಕ್ಕನಿಗೆ ನಮಸ್ಕಾರ. ಈ ಕಾರ್ಡನ್ನು ಅಂಚೆಯವನು ಓದಿದರೂ ಪರವಾಗಿಲ್ಲ, ಭಾವನ ಕೈಗೆ ಮಾತ್ರ ಕೊಡಬೇಡ. ವರ್ಷವಿಡೀ ಆಡಿಕೊಳ್ಳುತ್ತಾರೆ.

ಕ್ಯಾಂಟೀನಿನ ಅಡುಗೆಗೆಂದು ಬಂದ ನನ್ನನ್ನು ಇಲ್ಲಿ ಎದುರಿನ ಪ್ರಯೋಗಾಲಯದವರು ಕರೆದುಕೊಂಡಿದ್ದಾರೆ. ಅಲ್ಲೊಬ್ಬ ಪ್ಲಾಸ್ಟಿಕ್ ಮನುಷ್ಯನಿದ್ದಾನೆ. ತಲೆಯಿಲ್ಲ, ಒಳಗೆಲ್ಲ ಟೊಳ್ಳು. ನೀರು, ಸಕ್ಕರೆ, ಉಪ್ಪಿನ ಪಾಕ ತುಂಬಿಸಿದರೆ ರೇಡಿಯೋ ಸಿಗ್ನಲ್‌ಗೆ ಅವನು ನಮ್ಮ ನಿಮ್ಮಂಥ ಮನುಷ್ಯನೇ ಅಂತೆ. ಭಾವನ ಎದೆಯಲ್ಲಿ ಇಟ್ಟಿದ್ದಾರಲ್ಲ, ಅಂಥದೇ ಪುಟ್ಟ ಯಂತ್ರವನ್ನು ಆ ಪಾಕದೊಳಗೆ ಮುಳುಗಿಸಿ, ಅದು ಕಳಿಸುವ ಸುದ್ದಿ ಮೈಯಿಂದ ಹೊರಗೆ ಬರುತ್ತದೋ ಇಲ್ಲವೋ ನೋಡುತ್ತಾರೆ. ಪಾಕ ಮಾಡುವುದು ನನ್ನ ಕೆಲಸ.

ಮೂರು ದಿನ ಸುದ್ದಿಯೇ ಬರಲಿಲ್ಲ. ಯಂತ್ರ ಕೆಲಸಕ್ಕೆ ಬಾರದ್ದು ಎಂದು ಇಂಜಿನಿಯರ್ ಮೇಡಂ ವರದಿ ಬರೆಯಲು ಕೂತರು. ಬರೆಯುತ್ತ ಬರೆಯುತ್ತ ನನ್ನ ಕಡೆ ತಿರುಗಿದರು.

"ಉಪ್ಪು ಎಷ್ಟು ಹಾಕಿದ್ರಿ?"

"ರುಚಿಗೆ ತಕ್ಕಷ್ಟು."

"ರುಚಿ ನೋಡಿದ್ರಾ?"

"ನೋಡದೆ ಹೇಗೆ ಹಾಕ್ಲಿ ಮೇಡಂ? ಸಪ್ಪೆ ಇತ್ತು. ಇನ್ನೊಂದು ಹಿಡಿ ಹಾಕ್ದೆ."

ಉಪ್ಪು ಹೆಚ್ಚಾದರೆ ಅದು ಸಿಗ್ನಲನ್ನು ಅಲ್ಲೇ ನುಂಗಿಬಿಡುತ್ತದಂತೆ. ನನಗೇನು ಗೊತ್ತು.

ನನ್ನ ಹೊಟ್ಟೆಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಭಾವನ ಮಾತ್ರೆ ತಪ್ಪದಂತೆ ನೋಡಿಕೋ. ಅಂಚೆ ಡಬ್ಬ ತೆರೆಯುವ ಹೊತ್ತಾಯಿತು.

ಮೇಡಂ ಬೈಯಲಿಲ್ಲ. ನಾನು ಅತ್ತ ತಿರುಗಿದಾಗಲೆಲ್ಲ ನೀನು ನನ್ನ ಅಡುಗೆಗೆ ಏನು ಮಾಡುತ್ತಿದ್ದೆಯೋ ಅದನ್ನೇ ಅವರು ನನ್ನೆದುರಿಗೇ ಮಾಡಿದರು. ನಾಲ್ಕು ಚೊಂಬು ನೀರು ಸುರಿದರು. ಯಂತ್ರ ಮಾತಾಡಿತು.

ನಿನ್ನ ತಮ್ಮ