ಊದುವವರಿಲ್ಲದ ಕೊಳಲು

ಅಣ್ಣ,

ಕಂಪನಿಯ ಕೆಲಸಕ್ಕೆಂದು ಕಂಪ್ಯೂಟರಿನಲ್ಲಿ ನಾನು ಕಟ್ಟುತ್ತಿದ್ದ ಕೊಳಲಿನ ದನಿ ಇವತ್ತು ಮುಗಿಯಿತು. ಫಿಲ್ಟರಿನಲ್ಲಿ ಸೋಸಿ ಸೋಸಿ, ಉಸ್ಸೆನ್ನುವ ಉಸಿರನ್ನೆಲ್ಲ ದೋಷವೆಂದು ತೆಗೆದುಹಾಕಿದ್ದೆ. ನೀನು ಹೋದಮೇಲೆ ಕೊಳಲೆಂದರೆ ಎದ್ದು ಹೋಗುವ ಅಮ್ಮ, ಬಟ್ಟೆ ಮಡಚುತ್ತ ಹೇಗೋ ಕೇಳಿಸಿಕೊಂಡಳು.

“ಕೊಳಲೇನೋ ಚೆನ್ನಾಗಿದೆ ಕಣೇ. ಊದೋರೇ ಇಲ್ವಲ್ಲ,” ಅಂದಳು.

ನನಗೆ ಮೈ ಉರಿಯಿತು. ಆದರೂ ಕೂತು ಫಿಲ್ಟರನ್ನು ಸಡಿಲಿಸಿದೆ; ಉಸಿರು ಮತ್ತೆ ಬಂತು. ಅಷ್ಟಕ್ಕೇ ಸುಮ್ಮನಾಗದೆ, ನೀನು ಊದುವಾಗ ಸಾಲಿನ ನಡುವೆ ದಮ್ಮು ಸಾಲದೆ ನಿಲ್ಲುತ್ತಿದ್ದೆಯಲ್ಲ, ಅಲ್ಲೇ ದನಿಯನ್ನು ತುಂಡರಿಸಿದೆ. ಸಂಗೀತ ಬಲ್ಲವರಿಗೆ ಅದು ಪೂರಾ ತಪ್ಪು.

ಅಮ್ಮನ ಕೈ ನಿಂತಿತು. ಸ್ಪೀಕರಿನ ಕಡೆ ತಿರುಗಿ, “ಸಾಕು ಕಣೋ, ಸ್ವಲ್ಪ ಸುಧಾರಿಸ್ಕೋ,” ಅಂದಳು.

ನಾಳೆ ಕಂಪನಿಗೆ ಒಪ್ಪಿಸಬೇಕು. ಉಸಿರಿಲ್ಲದ್ದನ್ನೇ ಕಳಿಸುತ್ತೇನೆ. ಇದು ಮನೆಯಲ್ಲಿರಲಿ.