ಗುಲಾಬಿ ಸಾಲಿಗೆ ನೀರು

ಪುಟ್ಟೀ,

ಬೆಳಗಿನ ಬಸ್ಸಿಗೆ ಹೊರಟಿದ್ದೇನೆ, ಮೂರು ದಿನ ತರಬೇತಿ. ಅಲ್ಲಿಯವರೆಗೆ ತೋಟದ ಹನಿ ನೀರಾವರಿ ನಿನ್ನ ಪಾಲಿಗೆ.

ಟ್ಯಾಂಕಿನ ಕೆಳಗಿನ ಫಿಲ್ಟರ್ ಬಿಚ್ಚಿ, ಜಾಲರಿಯನ್ನು ಹಳೇ ಬ್ರಷ್ಷಿನಿಂದ ತಿಕ್ಕು. ಆಮೇಲೆ ಪ್ರತಿ ಪೈಪಿನ ತುದಿಯ ಮುಚ್ಚಳ ತೆಗೆದು, ಕೆಸರು ಹೋಗಿ ತಿಳಿನೀರು ಬರುವವರೆಗೆ ಹರಿಯಲು ಬಿಡು. ಹನಿ ಬೀಳದ ತೂತಿಗೆ ಸೂಜಿ ಮಾತ್ರ ಹಾಕಬೇಡ, ದೊಡ್ಡದಾಗಿಬಿಡುತ್ತದೆ.

ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಮಂಡಿಯೂರಿ ಇದನ್ನೆಲ್ಲ ಮಾಡಿದವಳು ನಾನು. ನೀನು ರಜಕ್ಕೆ ಬಂದು ಹತ್ತು ದಿನವಾಗಿಲ್ಲ, ಗುಲಾಬಿ ಅರಳಿದ್ದಕ್ಕೆ ಅಪ್ಪ ಎದುರುಮನೆಯವರನ್ನು ಕರೆದು, "ನಮ್ಮ ಚಿಕ್ಕವಳ ಕೈಗುಣ ನೋಡಿ!" ಅಂದರು. ನಾನು ಅಲ್ಲೇ, ಮೊಣಕೈವರೆಗೆ ಕೆಸರು ಮಾಡಿಕೊಂಡು ನಿಂತಿದ್ದೆ. ಹೊಟ್ಟೆ ಉರಿದುಹೋಯಿತು ಕಣೇ.

ಸೋಮವಾರದಿಂದ ಗುಲಾಬಿ ಬಾಡುತ್ತಿದೆಯಲ್ಲ, ಪೈಪು ಕಟ್ಟಿಕೊಂಡಿದೆ ಎಂದು ನಾನು ಹೇಳಿದ್ದು ಸುಳ್ಳು. ಆ ಸಾಲಿನ ವಾಲ್ವ್ ಮುಚ್ಚಿದ್ದು ನಾನೇ. ನಿನ್ನೆ ಸಂಜೆ ನೀನು ಬಕೆಟ್ಟು ಹೊತ್ತುಕೊಂಡು ಬಂದು, "ನಂಗೇನೂ ಗೊತ್ತಾಗ್ತಿಲ್ಲ ಅಕ್ಕಾ, ನೀನಿಲ್ದಿದ್ರೆ ಈ ತೋಟ ಉಳಿಯಲ್ಲ" ಅಂದೆ. ಈಗ ವಾಲ್ವ್ ತೆರೆದಿದ್ದೇನೆ.

ಅಪ್ಪನಿಗೆ ಹೇಳುವುದಾದರೆ ಹೇಳು. ಆದರೆ ನಾನು ಬರುವ ಮುಂಚೆಯೇ ಹೇಳಿಬಿಡು, ಎದುರಿಗೆ ನಿಂತು ಕೇಳಲಾರೆ.

ಅಕ್ಕ