ನಿಮ್ಮ ಮಗಳನ್ನು ಕಳಿಸುತ್ತಿದ್ದೇನೆ

ಮಳಗಿ
೧೪ ನವೆಂಬರ್ ೨೦೨೪

ಪ್ರೀತಿಯ ಖೈರುನ್ನಿಸಾ ಅಕ್ಕನವರಿಗೆ ಗುರುಸಿದ್ದವ್ವ ಮಾಡುವ ಶರಣು.

ಫೋನು ಹಚ್ಚಿದರೆ ಅಳು ಬಂದು ಮಾತು ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ತಂದವಳು ದ್ರಾಕ್ಷಾಯಣಿ. ನಾನು ಇಪ್ಪತ್ತೆರಡು ವರ್ಷ ಸಾಕಿದವಳು, ನೀವು ಹೆತ್ತವಳು. ಹದಿನೈದು ದಿನ ನಿಮ್ಮ ದಾಂಡೇಲಿಯ ಮನೆಯಲ್ಲಿರಲು ತಾನೇ ಆಸೆಪಟ್ಟು ಬರುತ್ತಿದ್ದಾಳೆ.

ನಮ್ಮ ಯಜಮಾನರ ಆಪರೇಶನ್ನಿಗೆ ಇವಳು ರಕ್ತ ಕೊಡಲು ಹೋಗದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈ ಗುಂಪಿನ ರಕ್ತದ ಮಗಳು ಆ ತಂದೆಗೆ ಹುಟ್ಟಲು ಸಾಧ್ಯವಿಲ್ಲ ಎಂದರು ಡಾಕ್ಟರು. ಹಳಿಯಾಳದ ಆ ಹೆರಿಗೆ ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಹಳೆಯ ರಜಿಸ್ಟರು ಹುಡುಕಿಸಿದರೆ, ಇವಳು ಹುಟ್ಟಿದಂದು ಅಲ್ಲಿ ಹೆಣ್ಣು ಹೆತ್ತವರು ನಾವಿಬ್ಬರೇ. ಕೂಸುಗಳು ಅದಲುಬದಲಾಗಿದ್ದವೆಂದು ಆಮೇಲಿನ ಡಿಎನ್‌ಎ ಪರೀಕ್ಷೆಯೂ ಹೇಳಿತು.

ಮೊನ್ನೆ ರವಿವಾರ ನೀವೂ ಶೌಕತ ಅಣ್ಣನವರೂ, ನಾನು ಹೆತ್ತು ನೀವು ಸಾಕಿದ ಮೆಹರೀನಳನ್ನು ಕರೆತಂದಿರಿ. ಅಂಗಳದ ತುಂಬ ಗೋವಿನಜೋಳ ಒಣಹಾಕಿದ್ದೆವು. ಒಂದು ಕಾಳೂ ತುಳಿಯದಂತೆ, ಎಡಗಾಲನ್ನು ತುಸು ಹೊರಗೆ ಹಾಕುತ್ತ ಅವಳು ನಡೆದು ಬಂದಳು. ತೀರಿಹೋದ ನಮ್ಮ ಅತ್ತೆಯ ನಡಿಗೆ! ಆಪರೇಶನ್ನಾದ ಮೇಲೆ ಯಾರಾದರೂ ಹಿಡಿದೆಬ್ಬಿಸದೆ ಏಳದ ಯಜಮಾನರು ತಾವೇ ಎದ್ದು ನಿಂತು, "ಬಾ ಯವ್ವಾ, ನಮ್ಮವ್ವ ಬಂದಂಗಾತು" ಎಂದರು.

"ನಿಮಗ ನಾ ಏನಂತ ಕರೀಬೇಕ್ರಿ?" ಎಂದು ಅವಳು ನನ್ನನ್ನು ಕೇಳಿದಳು. ದ್ರಾಕ್ಷಾಯಣಿಯೇ ಉತ್ತರ ಕೊಟ್ಟಳು: "ನಾ ಅವ್ವ ಅಂತೇನಿ, ನೀನೂ ಹಂಗ ಅನ್ನು. ನಿಮ್ಮ ಅಮ್ಮಿಗೆ ನಾನೂ ಅಮ್ಮಿ ಅಂತೇನಿ. ಯಾರೂ ಯಾರನ್ನೂ ಬಿಟ್ಟುಕೊಡೂದು ಬ್ಯಾಡ." ಎರಡೂ ಕಡೆಯ ಹಿರಿಯರು ತಿಂಗಳಿಡೀ ಕೂತು ಬಗೆಹರಿಸಲಾಗದ್ದನ್ನು ಇವಳು ಒಂದು ಮಾತಿನಲ್ಲಿ ಮುಗಿಸಿಬಿಟ್ಟಳು.

ಆಗ ನೀವು ದ್ರಾಕ್ಷಾಯಣಿಯ ಕೈ ಹಿಡಿದುಕೊಂಡಿರಿ. ಇಬ್ಬರ ಕಿರುಬೆರಳೂ ಒಂದೇ ತರಹ ಒಳಕ್ಕೆ ಬಾಗಿತ್ತು. ಇವಳು ಸಣ್ಣವಳಿದ್ದಾಗ ಆ ಬೆರಳನ್ನು ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಲು ಎಷ್ಟು ಒದ್ದಾಡಿದ್ದೆ! ಆ ಸೋಜಿಗ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅವಳ ಕೊರಳಲ್ಲಿ ಲಿಂಗವಿದೆ. ಮುಂಜಾನೆ ಪೂಜೆಗೆ ಒಂದು ಮೂಲೆ ಕೊಡಿ. ಊಟಕ್ಕೆ ರೊಟ್ಟಿ ಪಲ್ಯ ಸಾಕು, ಅವಳಿಗಾಗಿ ನಿಮ್ಮ ಅಡುಗೆ ಬದಲಿಸಬೇಡಿ. ಸಿಟ್ಟು ಬಂದರೆ ಮಾತು ಬಿಡುತ್ತಾಳೆ. ತಲೆಗೆ ಎಣ್ಣೆ ಹಚ್ಚಿದರೆ ಕರಗುತ್ತಾಳೆ. ಇಲ್ಲಿಯ ಅಪ್ಪ ದಿನವೂ ಅವಳ ಬಗ್ಗೆ ಕೇಳುತ್ತಾರೆಂದು ಮೆಹರೀನಳಿಗೆ ಹೇಳಿ.

ನಿಮ್ಮ ತಂಗಿ,
ಗುರುಸಿದ್ದವ್ವ

ತಾ.ಕ.: ಕಾರು ಹತ್ತುವಾಗ ನೀವು, "ನಿಮಗ ಎಂದೂ ಸಂಶಯ ಬರಲಿಲ್ಲೇನ್ರಿ?" ಎಂದು ಕೇಳಿದಿರಿ. ಇಲ್ಲ ಎಂದೆ. ಅದು ಸುಳ್ಳು. ನಾನು ಹೆತ್ತ ಕೂಸಿಗೆ ತಲೆತುಂಬ ಕೂದಲಿತ್ತು. ಮರುದಿನ ನರ್ಸಮ್ಮ ನೀರೆರೆದು ತಂದುಕೊಟ್ಟ ಕೂಸಿನ ತಲೆ ಬೋಳು. ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅದು ಮೊಲೆಗೆ ಬಾಯಿ ಹಾಕಿತು, ಮೊದಲ ಸಲ ಹಾಲು ಇಳಿಯಿತು. ಸುಮ್ಮನಾದೆ. ನಿಮ್ಮದನ್ನು ಇಟ್ಟುಕೊಂಡೆ, ನನ್ನದನ್ನು ಬಿಟ್ಟೆ. ಇದು ದ್ರಾಕ್ಷಾಯಣಿಗೆ ಗೊತ್ತಿಲ್ಲ. ಲಕೋಟೆಯನ್ನು ಅಂಟಿಸದೆ ಅವಳ ಕೈಗೇ ಕೊಟ್ಟಿದ್ದೇನೆ.